ಅವ್ವನ ಪದಕ, ಖಾಲಾನ ತವಾ

ಆ ಪದಕಕ್ಕೆ ನಮ್ಮ ಮನೆ ತೆತ್ತದ್ದು ಎರಡು ಚೀಲ ಬಿತ್ತನೆ ಜೋಳ. ನಿಜಾಮನ ಆಳ್ವಿಕೆ ಕೊನೆಗಂಡ ಪೊಲೀಸ್ ಆಕ್ಷನ್ನಿನ ಆ ದಿನಗಳಲ್ಲಿ ಔರಾದ ಕಡೆಯ ಹಳ್ಳಿಗಳಿಂದ ಹೆದರಿದವರು ಭಾಲ್ಕಿಯ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಮೊದಲು ರಜಾಕಾರರಿಗೆ ಹೆದರಿ ನಮ್ಮವರು, ಆಮೇಲೆ ಸೇಡಿಗೆ ಹೆದರಿ ಖಾಲಾನ ಕಡೆಯ ಮುಸಲ್ಮಾನರು. ಅವ್ವ ಯಾರನ್ನೂ ಕೇಳದೆ ಚೀಲ ಬಿಚ್ಚಿದಳು. ಆ ವರ್ಷ ಅರ್ಧ ಹೊಲ ಬೀಳು ಬಿತ್ತು.

ಖಾಲಾ ಎಂದರೆ ಪಕ್ಕದ ಮನೆಯ ಜೈನಬಿ, ಅವ್ವನಿಗೆ ಅಕ್ಕನಂಥ ಆಪಾ, ನನಗೆ ದೊಡ್ಡವ್ವ. ಅಷ್ಟು ರೊಟ್ಟಿಗೆ ನಮ್ಮ ಮಣ್ಣಿನ ಹಂಚು ಬಿರುಕುಬಿಟ್ಟಾಗ ತನ್ನ ಮದುವೆಯ ಕಬ್ಬಿಣದ ತವಾ ಹೊತ್ತು ತಂದಳು. ಅವ್ವ ಬಡಿಯುವುದು, ಖಾಲಾ ಬೇಯಿಸುವುದು. ಹಸಿ ಮಣ್ಣಿನ ವಾಸನೆ, ಸುಟ್ಟ ಜೋಳದ ಘಮ, ಪುಂಡಿಪಲ್ಯದ ಹುಳಿ. ಹೊಗೆಯೊಳಗೆ ಇಬ್ಬರ ಬಳೆಗಳ ಸದ್ದು ಮಾತ್ರ ಕೇಳುತ್ತಿತ್ತು. ಆ ಸದ್ದಿಗೇ ನನಗೆ ನಿದ್ದೆ ಬರುತ್ತಿತ್ತು.

ಮುಂದೆ ಆಸರೆ ಕೊಟ್ಟವರ ಹೆಸರು ಬರೆದುಕೊಳ್ಳಲು ಬಂದ ಸರ್ಕಾರಿ ಗುಮಾಸ್ತ ಕೇಳಿದ: "ಒಲಿ ಯಾರ್ದು?"

"ನಂದೇರಿ," ಎಂದಳು ಅವ್ವ. ಆತ ಒಂದೇ ಹೆಸರು ಬರೆದ.

ಎರಡು ಮಳೆಗಾಲ ಕಳೆದ ಮೇಲೆ ಬೀದರಿನಲ್ಲಿ ಸರ್ಕಾರದ ಪದಕ ಕೊಟ್ಟರು. ಎದೆಗೆ ಸಿಕ್ಕಿಸಲು ಅವ್ವ ಬಿಡಲಿಲ್ಲ. "ಇಲ್ಲಿ ಲಿಂಗ ಅದರಿ. ಕೈಯಾಗ ಕೊಡ್ರಿ," ಎಂದಳಂತೆ.

ಅದೇ ವಾರ ಖಾಲಾ ಮಗನೊಂದಿಗೆ ಹೈದರಾಬಾದಿಗೆ ಹೊರಟಿದ್ದಳು. ಅವ್ವ ಪದಕವನ್ನು ಅವಳ ಸೆರಗಿಗೆ ಕಟ್ಟಲು ಹೋದಳು.

"ಆಪಾ, ಇದು ನಿಮ್ದೂ ಅದರಿ."

"ನನಗ್ಯಾಕ ಬೇ? ಹೆಸರು ನಿಂದದ."

ನಾನು ನಡುವೆ ಬಾಯಿ ಹಾಕಿದೆ. "ಪುಕ್ಕಟ ಕೊಡಬ್ಯಾಡವ್ವ. ಖಾಲಾ ತವಾ ಕೊಡಲಿ."

"ಏ ಪಾರಿ, ಸುಮ್ ಕೂಡ," ಅವ್ವ ಗದರಿದಳು.

ಖಾಲಾ ನಕ್ಕುಬಿಟ್ಟಳು. "ಕೂಸು ಖರೇ ಅಂತದ. ಇಕಿ ಬಜಾರಕ್ಕ ಬಂದ್ರ ಸೌಕಾರ್ರು ಅಂಗಡಿ ಮುಚ್ಚಿ ಓಡ್ತಾರ." ಪ್ರಯಾಣಕ್ಕೆ ಕಟ್ಟಿದ್ದ ಗಂಟು ಬಿಚ್ಚಿ, ತವಾ ತೆಗೆದು ನನ್ನ ಕೈಗಿಟ್ಟಳು. ಪದಕ ಸೆರಗಿನಲ್ಲಿ ಹೋಯಿತು. ಗೆದ್ದೆನೆಂದು ನಾನು ಅಂಗಳದ ತುಂಬ ಕುಣಿದೆ.

ಚಳಿಗಾಲದಲ್ಲಿ ಹೈದರಾಬಾದಿನಿಂದ ಬಂದ ಒಬ್ಬರು ಹೇಳಿದರು: ಒಂದೇ ಕೋಣೆಯಲ್ಲಿ ನಾಲ್ಕು ಸಂಸಾರ, ಖಾಲಾ ಪರರ ತವಾಕ್ಕಾಗಿ ಪಾಳಿ ಕಾಯುತ್ತಾಳೆ. ಅವ್ವ ಮರುದಿನವೇ ತವಾ ಕಟ್ಟಿ, ಹೋಗುವವರ ಕೈಯಲ್ಲಿ ಕಳಿಸಿದಳು. ಅದು ತಿರುಗಿ ಬಂತು. ಕೋಣೆ ಖಾಲಿಯಾಗಿತ್ತು, ಎಲ್ಲಿ ಹೋದರೋ ಯಾರಿಗೂ ತಿಳಿದಿರಲಿಲ್ಲ.

ಆಮೇಲೆ ನಾನು ಸಂತೆಯಲ್ಲಿ ಕೂತು, ಚೌಕಾಸಿ ಮಾಡುತ್ತಲೇ ಸ್ವಂತ ಅಂಗಡಿ ಕಟ್ಟಿದೆ. ಆ ತವಾದಷ್ಟು ಸಲೀಸಾಗಿ ಮತ್ತೆ ಯಾವ ವ್ಯಾಪಾರವನ್ನೂ ಗೆಲ್ಲಲಿಲ್ಲ. ಇಂದು ನಮ್ಮ ಮತ್ತು ಖಾಲಾನ ಅಂಗಳಗಳ ನಡುವೆ ಆಳೆತ್ತರದ ಗೋಡೆ ಎದ್ದಿದೆ, ಆಚೆ ಯಾರಿದ್ದಾರೆಂದು ನನಗೆ ಗೊತ್ತಿಲ್ಲ.

ಅಂಗಡಿಯಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಬಾರದಿದ್ದರೆ ನಾನೇ ಕಲಿಸುತ್ತೇನೆ. ಆದರೆ ಊರು ಬಿಡುವವರ ಗಂಟಿನಿಂದ ಏನನ್ನೂ ಇಳಿಸಿಕೊಳ್ಳಬೇಡಿ, ಅವರು ನಗುತ್ತ ಕೊಟ್ಟರೂ ಸರಿ. ಹೋದ ಊರಲ್ಲಿ ಅವರು ಒಲೆ ಹಚ್ಚಿದ ಸುದ್ದಿ ಬರುವ ತನಕ ಕಾಯಿರಿ.