ಕೋಲಿಗೆ ಇಟ್ಟ ಕಾಡಿಗೆ

ಮರಿಲಿಂಗಪ್ಪ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದನ್ನು ನಾನು ಕಂಡವನಲ್ಲ. ಶಹಾಪುರದ ಹತ್ತಿರ, ಕಾಲುವೆಯ ನೀರೆತ್ತುವ ಪಂಪುಗಳಿಗೆ ಕರೆಂಟು ಕೊಡುವ ಸ್ಟೇಷನ್ನಿನಲ್ಲಿ ಅವನು ಮೆಕ್ಯಾನಿಕ್, ನಾನು ಸ್ಟೋರ್ ಗುಮಾಸ್ತ. ಚಹಾ ಕುಡಿಯುವಾಗಲೂ ಎದ್ದು ಓಡಾಡುತ್ತಿದ್ದ. ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಅವನ ಜೀವವೆಲ್ಲ ಗ್ಯಾಸ್ ಬ್ರೇಕರಿನಲ್ಲಿ. ಲೈನಿನಲ್ಲಿ ಶಾರ್ಟ್ ಆದರೆ ಬ್ರೇಕರು ಕರೆಂಟು ಕಡಿಯುತ್ತದೆ. ಆಗ ಒಳಗೆ ಏಳುವ ಕಿಡಿಯನ್ನು ತುಂಬಿಟ್ಟ ಗ್ಯಾಸು ಆರಿಸುತ್ತದೆ. ಆದರೆ ಅಷ್ಟರಲ್ಲಿ ಗ್ಯಾಸು ಊದುವ ಪ್ಲಾಸ್ಟಿಕ್ ಮೂತಿ ಸುಟ್ಟು, ಇಂಗಾಲದ ಮಸಿ ಒಳಗಿನ ಬಿಳಿ ಕೋಲಿನ ಮೇಲೆ ಕೂರುತ್ತದೆ. ಕರೆಂಟನ್ನು ತಡೆಯಬೇಕಾದ ಕೋಲು ಅದು. ಮಸಿ ಕೂತರೆ ಕರೆಂಟಿಗೆ ಅದೇ ದಾರಿ, ಬ್ರೇಕರೇ ಸಿಡಿಯಬಹುದು. "ನಾ ಒರಸಿದ ಕೋಲಿನ್ಯಾಗ ಮಸಿ ತೋರಿಸ್ರಿ ನೋಡಮು," ಎಂದು ಅವನು ಎಲ್ಲರೆದುರು ಜಂಬ ಕೊಚ್ಚುತ್ತಿದ್ದ.

ತೊಂಬತ್ತೆಂಟರಲ್ಲಿ ಒಮ್ಮೆ ಬ್ರೇಕರು ಬಿಚ್ಚಿ, ಒರೆಸಿ, ಮುಚ್ಚಿ, ಗ್ಯಾಸು ತುಂಬಿದ್ದಾಯಿತು. ಭತ್ತದ ಸಸಿ ಒಣಗುತ್ತಿದೆ ಎಂದು ರೈತರು ಗೇಟಿನಲ್ಲಿ ಕೂಗಾಡುತ್ತಿದ್ದರು. ಕರೆಂಟು ಬಿಡಲು ಇಂಜಿನಿಯರ್ ಸಾಹೇಬರು ಕೈ ಎತ್ತುವಷ್ಟರಲ್ಲಿ, ಕಸ ಗುಡಿಸುವ ಸುಂದ್ರಮ್ಮ ಖುಷಿಯಿಂದ ಮರಿಲಿಂಗಪ್ಪನಿಗೆ ಹೇಳಿದಳು:

"ಇನ್ನ ದೃಷ್ಟಿ ಆಗಂಗಿಲ್ಲರಿ ಅಣ್ಣಾ. ಕೋಲಿಗೆ ಕಾಡಗಿ ಬೊಟ್ಟು ಇಟ್ಟೀನಿ."

"ಯಾವ ಕೋಲಿಗೆ?"

"ಮೇಜಿನ ಮ್ಯಾಲ ಇತ್ತಲ್ರಿ, ಬೆಳ್ಳನ್ನದು."

ಕಾಡಿಗೆಯೆಂದರೆ ದೀಪದ ಮಸಿಯೇ! ಅವಳದು ದಿನಗೂಲಿ. ಗೊತ್ತಾದರೆ ಅವತ್ತೇ ಮನೆಗೆ.

ಮರಿಲಿಂಗಪ್ಪ ಓಡಿದ. "ಬ್ಯಾಡ್ರಿ ಸಾಹೇಬ್ರ! ಮತ್ತ ಬಿಚ್ಚಬೇಕು. ನಾ ಸರಿಯಾಗಿ ಒರಸಿಲ್ಲ, ಮಸಿ ಉಳದೈತಿ."

"ಇಷ್ಟು ವರ್ಷ ಮಾಡಿದವನು ನೀನು?" ಸಾಹೇಬರು ರೈತರ ಎದುರೇ ಬೈದರು. ಮೆಮೊ ಬರೆದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಮಾಡದ ತಪ್ಪಿಗೆ ಬೈಸಿಕೊಳ್ಳುತ್ತಿದ್ದಾನಲ್ಲ ಎಂದುಕೊಂಡೆ ನಾನು.

ಗ್ಯಾಸು ಇಳಿಸಿ ಬಿಚ್ಚುವ ಹೊತ್ತಿಗೆ ಮಧ್ಯಾಹ್ನವಾಯಿತು. ನಾನು ಬ್ಯಾಟರಿ ಬೆಳಕು ಹಿಡಿದು ನಿಂತಿದ್ದೆ. ಸುಂದ್ರಮ್ಮನ ಬೊಟ್ಟು ಕೋಲಿನ ತುದಿಯಲ್ಲಿತ್ತು, ಹೆಸರುಕಾಳಿನಷ್ಟು. ಅದನ್ನು ಒರೆಸಿ ಕೋಲು ತಿರುಗಿಸಿದ ಮರಿಲಿಂಗಪ್ಪ ಹಾಗೇ ನಿಂತುಬಿಟ್ಟ. ಹಿಂಬದಿಯಲ್ಲಿ, ಈ ತುದಿಯಿಂದ ಆ ತುದಿಗೆ, ಬೆರಳಗಲದ ಮಸಿಯ ಗೆರೆ. ಅದು ಕಾಡಿಗೆಯಲ್ಲ. ಅವನೇ ಒರೆಸದೆ ಬಿಟ್ಟದ್ದು.

ಆಮೇಲೆ ಅವನು ಕೆಳಗೆ, ನೆಲದ ಮೇಲೆ ಕೂತ. ಬಹಳ ಹೊತ್ತು ಏಳಲೇ ಇಲ್ಲ.