ಚೌಕಾಸಿಗೆ ಬಗ್ಗದ ಕಣ್ಣಿನ ಡಾಕ್ಟ್ರಮ್ಮ

ಅವತ್ತು ನನಗಾದ ಖರ್ಚು ಒಂದು ಬ್ಯಾರನ್ ತುಂಬ, ಅಂದರೆ ಸೊಪ್ಪು ಒಣಗಿಸುವ ಮನೆ ತುಂಬ, ಹೊಗೆಸೊಪ್ಪು. ಬೆಂಕಿಯ ಹದ ನೋಡುವವರಿಲ್ಲದೆ ಅಷ್ಟೂ ಕಪ್ಪಾಯಿತು. ಕಾರಣ ಪಿರಿಯಾಪಟ್ಟಣದ ಕಣ್ಣಿನ ಡಾಕ್ಟ್ರಮ್ಮ.

ಅವರ ಬಲಹುಬ್ಬು ಅರ್ಧ ಸವೆದುಹೋಗಿತ್ತು. ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವ ಪುಟ್ಟ ಉಪಕರಣವನ್ನು ವರ್ಷಗಟ್ಟಲೆ ಅಲ್ಲಿಗೇ ಒತ್ತಿ ಹಿಡಿದದ್ದರ ಗುರುತು. ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ಬರುತ್ತಿದ್ದರು. ಗಂಡಸರು ಹಿಂದೆ ಸರಿದರೆ, "ನಾಚ್ಕೋಬೇಡಿ ಗೌಡ್ರೇ, ನಾನು ನೋಡ್ತಿರೋದು ನಿಮ್ಮ ಮುಖಾನಲ್ಲ" ಎನ್ನುವರು. ಬರೀ ಕನ್ನಡಕಕ್ಕೆಂದು ಬಂದವರನ್ನೂ ಡ್ರಾಪ್ಸ್ ಹಾಕಿ ಬೆಂಚಿನ ಮೇಲೆ ಕೂರಿಸಿ, ಒಳಗೆ ನೋಡದೆ ಕಳಿಸುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಸೊಪ್ಪು ಮುರಿಯುವ ಕಾಲ. ನನ್ನ ಹೆಂಡತಿಗೆ ಬೆಳಗೆದ್ದರೆ ತಲೆನೋವು, ವಾಂತಿ. ಒದ್ದೆ ಸೊಪ್ಪು ಮುರಿದವರಿಗೆ ನಮ್ಮ ಕಡೆ ಅದು ಮಾಮೂಲು; ಮಜ್ಜಿಗೆ ಕುಡಿದು ಮಲಗಿದರೆ ಆಯಿತು. ಬಗ್ಗಿದಾಗ ಕಣ್ಣು ಕತ್ತಲೆ ಬರುತ್ತದೆ ಎಂದಳು. "ಚಾಳೀಸು ಬಂದದೆ, ಕನ್ನಡಕ ಆಕ್ಸು" ಎಂದರು ಪಕ್ಕದ ಮನೆಯವರು. ಕರೆದೊಯ್ದೆ.

ಡಾಕ್ಟ್ರಮ್ಮ ಒಂದು ಕಣ್ಣು ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲನೆಯದಕ್ಕೆ ಬಂದರು. ತಮಾಷೆ ನಿಂತಿತು.

"ಎರಡೂ ಕಣ್ಣಿನ ಹಿಂದಿನ ನರ ಊದಿದೆ. ತಲೆಯೊಳಗೆ ಒತ್ತಡ ಏರಿರ್ಬೇಕು. ಈಗ್ಲೇ ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ."

"ಸೊಪ್ಪು ಮುರ್ದು ಇಂಗಾಗದೆ ಕಣಮ್ಮ."

"ಸೊಪ್ಪಿಂದ ವಾಂತಿ ಆಗುತ್ತೆ. ಈ ನರ ಊದಲ್ಲ."

"ಬ್ಯಾರನ್‌ಗೆ ಬೆಂಕಿ ಆಕಿವ್ನಿ. ನಾಕು ದಿನ ಬುಡಿ."

"ಇಲ್ಲ."

"ಎರಡು ದಿನ? ಓಗ್ಲಿ, ನಾಳೆ ಬೆಳಗ್ಗೆ?"

ಹೆಂಡತಿ ಕೂತಲ್ಲಿಂದಲೇ, "ಯಮ ಬಂದ್ರೂವೆ ಇವ್ರು ರೇಟು ಕೇಳ್ತಾರೆ ಕಣವ್ವ" ಎಂದಳು.

"ಯಮನ ಹತ್ರ ಕೇಳ್ಲಿ. ನನ್ನ ಹತ್ರ ಬೇಡ. ನೀವು ಬ್ಯಾರನ್ ಕಾಯ್ಕೊಳ್ಳಿ, ಇವರನ್ನ ನಾನು ಕರ್ಕೊಂಡು ಹೋಗ್ತೀನಿ."

ಬೆಂಚಿನ ತುಂಬ ರೋಗಿಗಳಿದ್ದರು. ಅವರನ್ನು ಹಾಗೇ ಬಿಟ್ಟು, ನರರೋಗದ ಡಾಕ್ಟರಿಗೆ ಚೀಟಿ ಬರೆದು, ರಸ್ತೆಗಿಳಿದು ಮೈಸೂರಿನತ್ತ ಹೋಗುವ ವ್ಯಾನಿಗೆ ಅಡ್ಡ ನಿಂತರು. ಬ್ಯಾರನ್ ಬಿಟ್ಟು ಹೆಂಡತಿಯ ಜೊತೆ ನಾನೇ ಹತ್ತಿದೆ.

ಮಿದುಳಿನಲ್ಲಿ ಗಡ್ಡೆ. ಪುಣ್ಯಕ್ಕೆ ಕೆಟ್ಟ ಜಾತಿಯದಲ್ಲ. ತಡವಾಗಿದ್ದರೆ ಕಣ್ಣು ಹೋಗುತ್ತಿತ್ತು, ಜೀವವೂ ಉಳಿಯುತ್ತಿರಲಿಲ್ಲವೇನೋ ಎಂದರು ಆಪರೇಷನ್ ಮಾಡಿದವರು. ಆ ಚಳಿಗಾಲದಲ್ಲಿ ಡಾಕ್ಟ್ರಮ್ಮನಿಗೆ ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ಹೋದೆ. "ಇದ್ರಲ್ಲೂ ಚೌಕಾಸಿ ಇಲ್ಲ, ಪೂರ್ತಿ ಇಳಿಸಿ" ಎಂದು ನಕ್ಕರು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ನನ್ನ ಹೆಂಡತಿ ಜನರ ನಡುವೆ ನುಗ್ಗಿ ಹೋಗಿ, ಅವರ ಮುಖವನ್ನು ಹತ್ತಿರದಿಂದ, ಕಣ್ತುಂಬ ನೋಡಿ ಬಂದಳು. ಆ ನೋಟ ಅವರು ಕೊಟ್ಟದ್ದು. ತೀರುವ ಸಾಲವಲ್ಲ, ಅದಕ್ಕೇ ಕಂಡವರಿಗೆಲ್ಲ ಹೇಳುತ್ತಿರುತ್ತೇನೆ.

ನಿಮಗೂ ಹೇಳುತ್ತೇನೆ. ಬೆಳಗೆದ್ದಾಗಲೇ ತಲೆನೋವು, ವಾಂತಿ, ಬಗ್ಗಿದರೆ ಕಣ್ಣು ಕತ್ತಲೆ ಎಂದರೆ ಸಂತೆಯಲ್ಲಿ ಕನ್ನಡಕ ಹುಡುಕುತ್ತ ಕೂರಬೇಡಿ. ಡಾಕ್ಟರ ಬಳಿ ಹೋಗಿ, "ಕಣ್ಣಿನ ಹಿಂದಿನ ನರ ನೋಡಿ" ಎಂದು ಬಾಯಿಬಿಟ್ಟು ಕೇಳಿ. ಡ್ರಾಪ್ಸ್ ಹಾಕಿದರೆ ಮಂಜಾಗುತ್ತದೆ, ಗಾಡಿ ಓಡಿಸಬೇಡಿ, ಜೊತೆಗೊಬ್ಬರಿರಲಿ. ಫೀಸಿಗೆ ಬೇಕಾದರೆ ಚೌಕಾಸಿ ಮಾಡಿ. ಹೋಗುವ ದಿನಕ್ಕೆ ಮಾಡಬೇಡಿ.