ಜೋಳದ ಹಾಳೆಯ ಸರ್

ಹೊಟ್ಟೆ ಸರಿಯಿಲ್ಲವೆಂದು ಸೊಸೆ ನನಗೆ ಜೋಳದ ಅಂಬಲಿ ಕಾಸುತ್ತಿದ್ದಳು. ತಳ ಹಿಡಿದ ವಾಸನೆ ಬಂತು. ಅಥಣಿ ರಸ್ತೆಯ ಈ ಮನೆಯಲ್ಲಿ ಕೂತವಳಿಗೆ ವಿಜಾಪುರದ ಹಳೆಯ ಕಾಲೇಜಿನ ಪ್ರಯೋಗಾಲಯ ನೆನಪಾಯಿತು. ಅಲ್ಲಿಯೂ ಜೋಳ ಹೀಗೇ ಸೀಯುತ್ತಿತ್ತು...

ಎಪ್ಪತ್ತರ ದಶಕದ ಮಾತು. ನಾನು ಇಂಗ್ಲಿಷ್ ಕಲಿಸಲು ಹೊಸದಾಗಿ ಸೇರಿದ್ದೆ. ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಒಬ್ಬರು ಬಬಲೇಶ್ವರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಅವರ ಮನೆಯ ಎಮ್ಮೆ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆ ತಿಂದು, ನಾಲ್ಕು ದಿನ ಮೆಲುಕು ಹಾಕದೆ ನಿಂತು, ಸತ್ತಿತ್ತು. ಅಂದಿನಿಂದ ಅವರಿಗೆ ಒಂದೇ ಗುಂಗು. ಮಣ್ಣಿನಲ್ಲಿ ಕೊಳೆಯುವ, ದನ ತಿಂದರೂ ಅರಗುವ ಹಾಳೆ ಮಾಡಬೇಕು.

ತರಗತಿ ಮುಗಿದ ಮೇಲೆ ಜೋಳದ ಗಂಜಿಗೆ ಗ್ಲಿಸರಿನ್ ಬೆರೆಸಿ ಕುದಿಸಿ, ಗಾಜಿನ ಮೇಲೆ ಹರವುತ್ತಿದ್ದರು. ಹಾಳೆ ಮೊದಲು ಮೆತ್ತಗಿರುತ್ತಿತ್ತು. ಎರಡು ವಾರಕ್ಕೆ ಹಪ್ಪಳದಂತೆ ಒಡೆಯುತ್ತಿತ್ತು. ಒಳಗೆ ದೊಡ್ಡ ಹರಳು ಕಟ್ಟುವುದೇ ಕಾರಣವೆಂದು ಅವರ ತರ್ಕ. ಬೂದಿ, ಸುಣ್ಣ, ಏನೇನೋ ಬೆರೆಸಿ ನೋಡಿದರು. ಕಡೆಗೆ ಬಳಪದ ಕಲ್ಲಿನ ನುಣ್ಣನೆಯ ಪುಡಿ, ಒಂದು ಚಿಟಿಕೆ. ಆ ಹಾಳೆ ಎರಡು ತಿಂಗಳಾದರೂ ಒಡೆಯಲಿಲ್ಲ. ನನ್ನನ್ನು ಕರೆದು ಬಾಗಿಸಿ ತೋರಿಸಿದರು.

“ಒಂದೊಂದು ಕಣದ ಸುತ್ತ ಒಂದೊಂದು ಸಣ್ಣ ಹರಳ ಕಟ್ಟತಾವ್ರಿ ಬಾಯಾರ. ಸಣ್ಣವು ಒತ್ತಾಗಿ ಕುಂತ್ರ ಹಾಳಿ ಒಡಿಯಂಗಿಲ್ಲ.”

ಎಲ್ಲವನ್ನೂ ಕನ್ನಡದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅದನ್ನು ಇಂಗ್ಲಿಷಿಗೆ ತಿರುಗಿಸಿ, ಪುಣೆಯ ದೊಡ್ಡ ಪ್ರಯೋಗಾಲಯವೊಂದಕ್ಕೆ ಕಳಿಸಿಕೊಡಲು ಕೇಳಿದರು. ಒಪ್ಪಿದೆ. ಮನೆಯಲ್ಲಿ ಎಳೆಗೂಸು, ಕಾಲೇಜಿನಲ್ಲಿ ಪರೀಕ್ಷೆ... ವಾರಗಳು ಹೋದವು. ಅವರು ಒಮ್ಮೆಯೂ ಒತ್ತಾಯ ಮಾಡಲಿಲ್ಲ.

ಒಂದು ಮಧ್ಯಾಹ್ನ ಉತ್ತರಪತ್ರಿಕೆಗಳ ರಾಶಿಯಲ್ಲಿ ಕಣ್ಣು ಉರಿಯುತ್ತಿತ್ತು. ಅವರು ಬಾಗಿಲಲ್ಲಿ ಬಂದು ನಿಂತರು. ಕೇಳುವ ಮೊದಲೇ ನಾನು ಅಂದುಬಿಟ್ಟೆ:

“ಕಳಿಸೀನ್ರಿ ಸರ್.”

ಕಳಿಸಿರಲಿಲ್ಲ. ಬರುವ ಭಾನುವಾರ ಬರೆದು ಹಾಕಿದರಾಯಿತು ಎಂದುಕೊಂಡಿದ್ದೆ. ಮರುದಿನ ಅವರು ಮನೆಯಿಂದ ಶೇಂಗಾ ಹೋಳಿಗೆ ತಂದು ಕೊಟ್ಟರು. ತಿಂದೆ. ಆಮೇಲೆ ಆ ನೋಟ್‌ಬುಕ್ ಕಂಡರೇ ಸಂಕಟವಾಗುತ್ತಿತ್ತು. ಟ್ರಂಕಿನ ತಳದಲ್ಲಿಟ್ಟೆ. ಅವರು ದಿನಾ ಆಫೀಸಿಗೆ ಹೋಗಿ ಟಪಾಲು ಬಂತೇ ಎಂದು ಕೇಳುವುದನ್ನು ನೋಡುತ್ತಿದ್ದೆ. ಆಗಲಾದರೂ ಬರೆಯಬಹುದಿತ್ತು. ಬರೆಯಲಿಲ್ಲ.

ಮರುವರ್ಷ ಅವರು ತಿಕೋಟಾದ ಹೈಸ್ಕೂಲಿಗೆ ಮಾಸ್ತರಾಗಿ ಹೋದರು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಹಾಳೆಯ ಕೆಲಸ ಎಲ್ಲಿಗೆ ಬಂತೆಂದು ಕೇಳಿದೆ. ಯಾಕೆ ಕೇಳಿದೆನೋ...

“ಬಿಟ್ಟಬಿಟ್ಟೇನ್ರಿ. ಉತ್ತರ ಬರಲಿಲ್ಲಲ್ಲ, ನಮ್ಮ ಲೆಕ್ಕದಾಗ ಏನೋ ತಪ್ಪಿರಬೇಕು. ಇಲ್ಲಾಂದ್ರ ಅಂಥಾ ದೊಡ್ಡ ಮಂದಿ ಸುಮ್ಮನ ಕುಂದ್ರತಾರೇನ್ರಿ?”

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ತಿಕೋಟಾದ ಬಸ್ಸು ಬಂತು. ನನ್ನ ಕಂಕುಳಲ್ಲಿದ್ದ ಮಗಳ ತಲೆ ಸವರಿ, ಬರ್ತೇನ್ರಿ ಎಂದು ಹತ್ತಿಕೊಂಡರು. ನನಗೆ ಒಂದು ರೀತಿಯ ನೆಮ್ಮದಿಯೇ ಆಯಿತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಕೆ.

ಈಗ ಮಣ್ಣಿನಲ್ಲಿ ಕೊಳೆಯುವ ಪ್ಲಾಸ್ಟಿಕ್ ಬಂದಿದೆ. ಹರಳು ಸಣ್ಣಗೆ, ಒತ್ತಾಗಿ ಕಟ್ಟಲೆಂದು ಕೆಲವಕ್ಕೆ ಅಂಥದೇ ಪುಡಿ ಬೆರೆಸುತ್ತಾರೆಂದು ಪತ್ರಿಕೆಯಲ್ಲಿ ಓದಿದೆ. ಅವರ ದಾರಿ ತಪ್ಪಿರಲಿಲ್ಲ. ಆದರೆ ಅವರು ತೀರಿಕೊಂಡು ಬಹಳ ವರ್ಷಗಳಾದವು. ತಪ್ಪು ತಮ್ಮದೇ ಎಂದುಕೊಂಡೇ ಹೋದರು.